ಬಂದಿಶ್ ವಹಿ, ಸ್ವರಲಿಪಿ ಪುಸ್ತಕ, ಗವಾಯಿಗಳ ಪತ್ರ: ಮುಂಬೈ–ಪುಣೆಯಲ್ಲಿ ಹಳೆಯ ಸಂಗೀತ ಕಾಗದ ಸಂಗ್ರಹಿಸುವವರಿಗೆ ಸಮಗ್ರ ಮಾರ್ಗದರ್ಶಿ

ಪುಣೆಯ ಪೇಠೆಗಳಲ್ಲಿ ಹಳೆಯ ವಾಡೆಗಳು ಒಂದೊಂದಾಗಿ ನೆಲಸಮ ಆಗುತ್ತಿವೆ. ಮುಂಬೈಯ ಗಿರಗಾಂವ್, ದಾದರ್ ಕಡೆ ಚಾಳುಗಳಿದ್ದ ಜಾಗದಲ್ಲಿ ಟವರ್ ಏಳುತ್ತಿವೆ. ಮನೆ ಖಾಲಿ ಮಾಡುವಾಗ ಪಾತ್ರೆ, ಮಂಚ, ತಂಬೂರಿಗಳನ್ನು ಹೇಗೋ ಸಾಗಿಸುತ್ತಾರೆ. ಅಟ್ಟದ ಮೇಲಿನ ಟ್ರಂಕಿನಲ್ಲಿದ್ದ ವಹಿ (ಕೈಯಲ್ಲಿ ಬರೆದ ನೋಟ್‌ಬುಕ್), ಪೋಸ್ಟ್‌ಕಾರ್ಡು, ಹಳದಿಯಾದ ಸ್ವರಲಿಪಿ (ಹಾಡಿನ ಸ್ವರಗಳನ್ನು ಗುರುತುಗಳಲ್ಲಿ ಬರೆಯುವ ಕ್ರಮ) ಪುಸ್ತಕ ಮಾತ್ರ ರದ್ದಿವಾಲಾನ ತಕ್ಕಡಿಗೆ ಹೋಗುತ್ತವೆ.

ಈ ಕಾಗದಗಳಲ್ಲಿ ನಮ್ಮ ಕನ್ನಡಿಗರ ಪಾಲು ಬಹಳ ಇದೆ. 1880ರಲ್ಲಿ ಪುಣೆಯಲ್ಲಿ ಮರಾಠಿ ಸಂಗೀತ ನಾಟಕಕ್ಕೆ ಚಾಲನೆ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯಲ್ಲಿ ಹಾಡಿದರು. ಗದಗಿನ ಭೀಮಸೇನ ಜೋಶಿಯವರು ಪುಣೆಯಲ್ಲೇ ನೆಲೆಸಿ, 1953ರಿಂದ ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನ ಉತ್ಸವ ನಡೆಸಿದರು. ಸುಳೇಭಾವಿಯ ಹುಡುಗ ಕುಮಾರ ಗಂಧರ್ವ ಮುಂಬೈಗೆ ಬಂದು ಬಿ. ಆರ್. ದೇವಧರರ ಶಾಲೆಯಲ್ಲಿ ಕಲಿತರು. ಇಂಥವರ ಸುತ್ತ ಇದ್ದ ಶಿಷ್ಯರು, ಸಾಥಿದಾರರು (ಪಕ್ಕವಾದ್ಯದವರು), ಹಾರ್ಮೋನಿಯಂ ಮಾಸ್ತರರು, ನಾಟಕ ಕಂಪನಿಯ ಮ್ಯಾನೇಜರುಗಳು ಎಲ್ಲರೂ ಏನಾದರೂ ಬರೆದಿಟ್ಟಿದ್ದಾರೆ. ಅದರಲ್ಲಿ ಕನ್ನಡದಲ್ಲಿ ಬರೆದದ್ದೂ ಇದೆ. ಮರಾಠಿ ವ್ಯಾಪಾರಿ ಅದನ್ನು ಓದಲಾರ. ನಾವು ಓದಬಲ್ಲೆವು.

ಈ ಬರಹದಲ್ಲಿ ಒಂದು ಮಾತನ್ನು ಬೇರೆ ಬೇರೆ ಕಡೆ ಮತ್ತೆ ಹೇಳುತ್ತೇನೆ. ಗಂಟನ್ನು ಒಡೆಯಬೇಡಿ. ಒಬ್ಬರ ಮನೆಯಿಂದ ಒಟ್ಟಿಗೆ ಬಂದ ಕಾಗದಗಳು ಒಟ್ಟಿಗೇ ಇರಬೇಕು. ದೊಡ್ಡವರ ಸಹಿ ಇರುವ ಒಂದು ಪತ್ರ ಎಲ್ಲಿಯೋ ಸಿಗಬಹುದು. ಆ ಪತ್ರ ಯಾಕೆ ಬಂತು, ಅದರ ಜತೆಗಿದ್ದ ವಹಿ ಯಾರದ್ದು, ಪಕ್ಕದ ರಸೀದಿ ಯಾವ ಸಂಗೀತ ಬೈಠಕ್‌ನದ್ದು ಎಂಬುದು ಒಮ್ಮೆ ಚದುರಿದರೆ ಮತ್ತೆ ಸಿಗುವುದಿಲ್ಲ.

ಮೊದಲ ಹೆಜ್ಜೆ: ಏನು ಬೇಕು ಎಂದು ಗೊತ್ತುಮಾಡಿಕೊಳ್ಳಿ

ಸಿಕ್ಕಿದ್ದೆಲ್ಲ ತರಲು ಹೋದರೆ ಮನೆಯೂ ತುಂಬುತ್ತದೆ, ಜೇಬೂ ಖಾಲಿ ಆಗುತ್ತದೆ. ಒಂದು ಚಿಕ್ಕ ವಲಯ ಆರಿಸಿಕೊಳ್ಳಿ. ನಮ್ಮ ಊರುಗಳಲ್ಲಿ ಸಿಗುವ ವಸ್ತುಗಳನ್ನು ನೋಡಿದರೆ ನಾಲ್ಕು ದಾರಿಗಳು ಕಾಣುತ್ತವೆ.

ಮೊದಲನೆಯದು ಅಚ್ಚಾದ ಸ್ವರಲಿಪಿ ಪುಸ್ತಕಗಳು. ವಿಷ್ಣು ನಾರಾಯಣ ಭಾತಖಂಡೆ (1860–1936) ಮುಂಬೈಯವರು. ಅವರ ಕ್ರಮಿಕ ಪುಸ್ತಕ ಮಾಲಿಕೆಯ ಆರು ಭಾಗಗಳು ಮೊದಲು ಬಂದದ್ದು ಮರಾಠಿಯಲ್ಲಿ. ಈಗ ಎಲ್ಲ ಕಡೆ ಕಾಣುವುದು ಹಾಥರಸ್‌ನಿಂದ ಬಂದ ಹಿಂದಿ ಅನುವಾದ. ಮರಾಠಿಯ ಮೊದಲ ಮುದ್ರಣ ಸಿಕ್ಕರೆ ಬಿಡಬೇಡಿ. ವಿಷ್ಣು ದಿಗಂಬರ ಪಲುಸ್ಕರ್ (1872–1931) 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು, 1908ರಲ್ಲಿ ಮುಂಬೈಗೆ ಬಂದರು. ಪಾಠಪುಸ್ತಕಗಳನ್ನು ಅಚ್ಚು ಹಾಕಲು ಅವರದೇ ಪ್ರೆಸ್ ಇತ್ತು. 'ಸಂಗೀತ ಬಾಲ ಪ್ರಕಾಶ', 'ರಾಗ ಪ್ರವೇಶ' ಮುಂತಾದ ತೆಳ್ಳನೆಯ ಪುಸ್ತಕಗಳು ಮಕ್ಕಳ ಕೈಯಲ್ಲಿ ಹರಿದು ಹೋಗಿವೆ, ಹಾಗಾಗಿಯೇ ಉಳಿದವು ಕಡಿಮೆ.

ಎರಡನೆಯದು ನಾಟ್ಯಪದಗಳ ಕಿರುಹೊತ್ತಗೆಗಳು. ನಾಟಕದ ದಿನ ಪ್ರೇಕ್ಷಕರಿಗೆ ಮಾರುತ್ತಿದ್ದ ಅಗ್ಗದ ಪುಸ್ತಿಕೆಗಳಿವು. ಪದದ ಮೇಲೆ ರಾಗ, ತಾಳ, ಆಮೇಲೆ 'ಚಾಲ' ಎಂದು ಇನ್ನೊಂದು ಹಾಡಿನ ಮೊದಲ ಸಾಲು ಇರುತ್ತದೆ. ಈ ಪದ ಆ ಹಾಡಿನ ಧಾಟಿಯಲ್ಲಿದೆ ಎಂದು ಅದರ ಅರ್ಥ. ಹಳೆಯ ನಾಟಕಗಳಲ್ಲಿ ಆ ಸಾಲು ಎಷ್ಟೋ ಸಲ ಕನ್ನಡ ಹಾಡಿನದ್ದು, ದೇವನಾಗರಿಯಲ್ಲಿ ಅಚ್ಚಾಗಿ, ಅಚ್ಚು ಜೋಡಿಸಿದವನ ಕೈಯಲ್ಲಿ ಅರ್ಧ ಕೆಟ್ಟು ಹೋಗಿರುತ್ತದೆ. ಮರಾಠಿ ಓದುಗರು ಅದನ್ನು ದಾಟಿ ಹೋಗುತ್ತಾರೆ. ನಿಮಗೆ ದಾಸರ ಪದ, ಬಯಲಾಟದ ಹಾಡು ಪರಿಚಯವಿದ್ದರೆ ಮೂಲ ಯಾವುದೆಂದು ಹಿಡಿಯಬಹುದು. ನನ್ನ ಮಟ್ಟಿಗೆ ಮುಂಬೈ, ಪುಣೆಯ ಕನ್ನಡಿಗರು ಮೊದಲು ಕೈಹಾಕಬೇಕಾದ್ದು ಇದಕ್ಕೇ. ಬೆಲೆಯೂ ಕೈಗೆಟುಕುತ್ತದೆ.

ಮೂರನೆಯದು ಕೈಬರಹ: ಶಿಷ್ಯರು ಬರೆದುಕೊಂಡ ಬಂದಿಶ್ (ರಾಗ, ತಾಳಕ್ಕೆ ಕಟ್ಟಿದ ಹಾಡು) ವಹಿಗಳು, ಗವಾಯಿಗಳ ಪತ್ರಗಳು, ಮೈಫಿಲ್‌ನ (ಸಂಗೀತ ಕೂಟದ) ಲೆಕ್ಕ, ಆಮಂತ್ರಣ. ಇದೇ ಅತಿ ಬೆಲೆಬಾಳುವ ಭಾಗ, ಅತಿ ಕಷ್ಟದ್ದೂ ಹೌದು.

ನಾಲ್ಕನೆಯದು ಪಾಶ್ಚಾತ್ಯ ಸಂಗೀತದ ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಮೇಲೆ ಸ್ವರ ಬರೆಯುವ ಕ್ರಮ. ಧೋಬಿ ತಲಾವ್ ಸುತ್ತಮುತ್ತ ಗೋವಾದ ವಾದಕರು ತಲೆಮಾರುಗಳಿಂದ ಇದ್ದಾರೆ. ಗೋವಾದ ಚರ್ಚ್ ಶಾಲೆಗಳಲ್ಲಿ ಸ್ವರ ಓದಲು ಕಲಿತವರು ಮುಂಬೈಗೆ ಬಂದು ಜಾಝ್ ಬ್ಯಾಂಡು ಕಟ್ಟಿದರು, ಸಿನಿಮಾ ಹಾಡುಗಳಿಗೆ ವಾದ್ಯಮೇಳ ಬರೆದರು. ಸೆಬಾಸ್ಟಿಯನ್ ಡಿಸೋಜಾ, ಆಂಥೊನಿ ಗೊನ್ಸಾಲ್ವಿಸ್ ಹೆಸರು ಹಳೆಯ ಹಿಂದಿ ಹಾಡು ಕೇಳುವವರಿಗೆ ಗೊತ್ತೇ ಇರುತ್ತದೆ. ಒಂದೊಂದು ವಾದ್ಯಕ್ಕೂ ಬೇರೆ ಹಾಳೆ ಬರೆಯುತ್ತಿದ್ದರು. ರೆಕಾರ್ಡಿಂಗ್ ಮುಗಿದ ಮೇಲೆ ಅವನ್ನು ಕೇಳುವವರಿರಲಿಲ್ಲ. ಹೀಗಾಗಿ ಒಂದು ಹಾಡಿನ ಪೂರ್ತಿ ಮೇಳದ ಹಾಳೆಗಳು ಒಟ್ಟಿಗೆ ಸಿಗುವುದು ತೀರಾ ಅಪರೂಪ.

ಎರಡನೇ ಹೆಜ್ಜೆ: ಓದಲು ಕಲಿಯಿರಿ

ಓದಲು ಬಾರದ ಕಾಗದಕ್ಕೆ ದುಡ್ಡು ಕೊಡಬೇಡಿ. ಹಿಂದೂಸ್ತಾನಿ ಸ್ವರಲಿಪಿಯಲ್ಲಿ ಎರಡು ಪದ್ಧತಿಗಳು ಮುಖ್ಯ. ಚಿಹ್ನೆಗಳು ಒಂದೇ ತರಹ ಕಾಣುತ್ತವೆ, ಅರ್ಥ ಬೇರೆ. ಇಲ್ಲೇ ಹೊಸಬರು ಎಡವುವುದು.

ಭಾತಖಂಡೆ ಪದ್ಧತಿಯಲ್ಲಿ ಕೋಮಲ (ತಗ್ಗಿಸಿದ) ಸ್ವರದ ಕೆಳಗೆ ಅಡ್ಡಗೆರೆ. ತೀವ್ರ (ಏರಿಸಿದ) ಮಧ್ಯಮದ ನೆತ್ತಿಯ ಮೇಲೆ ನೆಟ್ಟಗಿನ ಗೆರೆ. ಮಂದ್ರ (ಕೆಳಗಿನ ಸಪ್ತಕದ) ಸ್ವರಕ್ಕೆ ಕೆಳಗೆ ಚುಕ್ಕೆ, ತಾರ (ಮೇಲಿನ ಸಪ್ತಕದ) ಸ್ವರಕ್ಕೆ ಮೇಲೆ ಚುಕ್ಕೆ. ಸಮ್‌ಗೆ (ತಾಳದ ಮೊದಲ ಪೆಟ್ಟಿಗೆ) ಗುಣಾಕಾರದ ಗುರುತು, ಖಾಲಿಗೆ (ಪೆಟ್ಟಿಲ್ಲದ ಭಾಗಕ್ಕೆ) ಸೊನ್ನೆ. ಪಲುಸ್ಕರ್ ಪದ್ಧತಿಯಲ್ಲಿ ಚುಕ್ಕೆ ಮೇಲೆ ಬಂದರೆ ಅದು ಮಂದ್ರ. ತಾರ ಸ್ವರಕ್ಕೆ ಮೇಲೆ ನೆಟ್ಟಗಿನ ಗೆರೆ. ಸಮ್‌ಗೆ 1, ಖಾಲಿಗೆ ಕೂಡಿಸುವ ಗುರುತು. ಅಂದರೆ ಮೇಲೆ ಚುಕ್ಕೆ ಇರುವ ಒಂದೇ 'ಪ' ಒಂದು ಪದ್ಧತಿಯಲ್ಲಿ ಮೇಲಿನ ಸಪ್ತಕ, ಇನ್ನೊಂದರಲ್ಲಿ ಕೆಳಗಿನದ್ದು. ಆದ್ದರಿಂದ ವಹಿ ತೆರೆದ ಕೂಡಲೇ ಸ್ವರ ನೋಡಬೇಡಿ, ತಾಳದ ಗುರುತು ನೋಡಿ. ಸೊನ್ನೆ ಇದೆಯೋ, ಕೂಡಿಸುವ ಗುರುತು ಇದೆಯೋ? ಅದರಿಂದ ಪದ್ಧತಿ ತಿಳಿಯುತ್ತದೆ. ಪದ್ಧತಿಯಿಂದ ಬರೆದವರು ಯಾವ ಶಾಲೆಯಲ್ಲಿ ಕಲಿತಿರಬಹುದು ಎಂಬ ಸುಳಿವೂ ಸಿಗುತ್ತದೆ. ಪಲುಸ್ಕರರ ಮುಂದಿನ ಪೀಳಿಗೆ ತಮ್ಮ ಗುರುತುಗಳನ್ನು ಸರಳ ಮಾಡಿಕೊಂಡಿತು. ಹಾಗಾಗಿ ಹಳೆಯ ಮುದ್ರಣವನ್ನೂ ಹೊಸದನ್ನೂ ಪಕ್ಕ ಪಕ್ಕ ಇಟ್ಟು ಅಭ್ಯಾಸ ಮಾಡಿ.

ಎಷ್ಟೋ ವಹಿಗಳಲ್ಲಿ ಸ್ವರವೇ ಇರುವುದಿಲ್ಲ. ಬಂದಿಶ್‌ನ ಸಾಹಿತ್ಯ, ರಾಗದ ಹೆಸರು, ಯಾರಿಂದ ಕಲಿತದ್ದು ಎಂಬ ಒಂದು ಸಾಲು, ಅಷ್ಟೇ. ಇದನ್ನು ಕಡೆಗಣಿಸಬೇಡಿ. ಆ ಒಂದು ಸಾಲಿನಲ್ಲಿ ಘರಾಣೆಯ (ಗಾಯನ ಪರಂಪರೆಯ) ಚರಿತ್ರೆ ಇದೆ.

ಇನ್ನು ಮೋಡಿ ಲಿಪಿ, ಮರಾಠಿಯನ್ನು ಕೂಡುಬರಹದಲ್ಲಿ ಬರೆಯುತ್ತಿದ್ದ ಹಳೆಯ ಲಿಪಿ. ಹಳೆಯ ತಲೆಮಾರಿನ ಮರಾಠಿಗರು ಖಾಸಗಿ ಪತ್ರವನ್ನು ಅದರಲ್ಲೇ ಬರೆಯುತ್ತಿದ್ದರು. ಪುಣೆಯಲ್ಲಿ ಮೋಡಿ ಕಲಿಸುವ ತರಗತಿಗಳು ಆಗಾಗ ನಡೆಯುತ್ತವೆ, ಸೇರಿಕೊಳ್ಳಿ. ಪತ್ರಗಳಲ್ಲಿ ಶಕ ವರ್ಷ ಬರುತ್ತದೆ. ಅದಕ್ಕೆ 78 ಸೇರಿಸಿದರೆ ಇಸವಿ. ಜನವರಿಯಿಂದ ಯುಗಾದಿಯವರೆಗಿನ ತಿಂಗಳುಗಳಿಗೆ 79 ಸೇರಿಸಬೇಕು. ಶಕೆ 1832ರ ಶ್ರಾವಣ ಎಂದರೆ 1910.

ಸ್ಟಾಫ್ ನೊಟೇಶನ್ ಹಾಳೆಗಳಲ್ಲಿ ಪುಟದ ಬುಡದಲ್ಲಿ ನಡುವೆ ಒಂದು ಸಣ್ಣ ಸಂಖ್ಯೆ ಇರುತ್ತದೆ. ಅದು ಪ್ರಕಾಶಕರ ಪ್ಲೇಟ್ ಸಂಖ್ಯೆ, ಅಂದರೆ ಅಚ್ಚಿನ ತಗಡಿಗೆ ಅವರು ಕೊಟ್ಟ ಸಂಖ್ಯೆ. ಯುರೋಪಿನ ಪ್ರಕಾಶಕರು ಹೆಚ್ಚಾಗಿ ಇಸವಿ ಹಾಕುತ್ತಿರಲಿಲ್ಲ. ಹಾಗಾಗಿ ಈ ಸಂಖ್ಯೆ ಮತ್ತು ಮುಖಪುಟದ ವಿಳಾಸದಿಂದಲೇ ಮುದ್ರಣದ ಕಾಲ ಹಿಡಿಯಬೇಕು. ಲಂಡನ್ನಿನ ನೊವೆಲ್ಲೊ ಮುದ್ರಿಸಿದ ಕೋರಸ್ ಪುಸ್ತಕಗಳು ನಮ್ಮಲ್ಲಿ ಧಾರಾಳ, ಚರ್ಚುಗಳಿಗೆ ರಾಶಿ ರಾಶಿ ಬಂದಿದ್ದವು. ನೂರು ವರ್ಷ ಹಳೆಯದಾದರೂ ಅವು ಅಪರೂಪವಲ್ಲ.

ಮೂರನೇ ಹೆಜ್ಜೆ: ಎಲ್ಲಿ ಹುಡುಕುವುದು

ಮುಂಬೈಯಲ್ಲಿ ಚೋರ್ ಬಜಾರಿನ ಮಟನ್ ಸ್ಟ್ರೀಟ್ ಎಲ್ಲರ ಬಾಯಲ್ಲೂ ಇದೆ. ಅಲ್ಲಿ ಗ್ರಾಮೊಫೋನ್, ಸಿನಿಮಾ ಪೋಸ್ಟರು ಜಾಸ್ತಿ, ಸಂಗೀತ ಕಾಗದ ಕಡಿಮೆ. ಆದರೂ ರೆಕಾರ್ಡ್ ಮಾರುವ ಅಂಗಡಿಯವರನ್ನು ಪರಿಚಯ ಮಾಡಿಕೊಳ್ಳಿ. ರೆಕಾರ್ಡುಗಳ ಜತೆ ಅದೇ ಮನೆಯಿಂದ ಬಂದ ಪದಗಳ ಪುಸ್ತಿಕೆ, ಗ್ರಾಮೊಫೋನ್ ಕಂಪನಿಯ ಕ್ಯಾಟಲಾಗು ಅವರ ಬಳಿ ಮೂಲೆಯಲ್ಲಿ ಬಿದ್ದಿರುತ್ತವೆ. ಫ್ಲೋರಾ ಫೌಂಟನ್ನಿನ ಫುಟ್‌ಪಾತ್, ಮಾಟುಂಗಾದ ಕಿಂಗ್ಸ್ ಸರ್ಕಲ್‌ನ ಹಳೆಪುಸ್ತಕದವರು, ಇವರಿಗೂ ಒಂದು ಮಾತು ಹೇಳಿಡಿ. ಪುಣೆಯಲ್ಲಿ ಜುನಾ ಬಜಾರ್ ಬುಧವಾರ ಮತ್ತು ಭಾನುವಾರ. ಅಪ್ಪಾ ಬಲವಂತ ಚೌಕದ ಸುತ್ತಿನ ಹಳೆಯ ಪುಸ್ತಕ ವ್ಯಾಪಾರಿಗಳಿಗೆ ಮರಾಠಿ ಸಂಗೀತ ಪುಸ್ತಕಗಳ ಬೆಲೆ ಚೆನ್ನಾಗಿ ಗೊತ್ತು, ಅಲ್ಲಿ ಅಗ್ಗದ ಆಸೆ ಬೇಡ.

ನಿಜವಾಗಿ ಒಳ್ಳೆಯ ವಸ್ತು ಸಿಗುವುದು ಪೇಠೆಯ ರದ್ದಿ ಅಂಗಡಿಯಲ್ಲಿ ಮತ್ತು ಮನೆಗಳಲ್ಲಿ. ರದ್ದಿವಾಲಾನಿಗೆ 'ಸಂಗೀತದ್ದು ಬಂದರೆ ಫೋನ್ ಮಾಡಿ' ಎಂದಷ್ಟೇ ಹೇಳಿದರೆ ಸಾಲದು. ಸ್ವರಲಿಪಿ ಪುಟದ ಒಂದು ಫೋಟೊ ಪ್ರಿಂಟ್ ಹಾಕಿಸಿ ಅವನ ಗೋಡೆಗೆ ಅಂಟಿಸಿ. 'ಹೀಗೆ ಕಾಣುವುದು ಬಂದರೆ ದಾರ ಬಿಚ್ಚಬೇಡಿ, ಗಂಟು ಹಾಗೇ ಇರಲಿ, ಕಿಲೋ ದರಕ್ಕಿಂತ ಚೆನ್ನಾಗಿ ಕೊಡುತ್ತೇನೆ' ಎಂದು ಹೇಳಿ. ಹೇಳಿದ ಮೇಲೆ ಕೊಡಿ. ಮೊದಲ ಸಲ ಚೌಕಾಸಿ ಮಾಡಿದರೆ ಎರಡನೇ ಸಲ ಫೋನ್ ಬರುವುದಿಲ್ಲ.

ಮಾಟುಂಗಾದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘದಂಥ ಕಡೆ ಹಿರಿಯರ ಜತೆ ಕೂತು ಮಾತಾಡಿ. ಯಾರ ಮನೆಯಲ್ಲಿ ಸಂಗೀತ ಇತ್ತು, ಯಾರ ಸೋದರತ್ತೆ ಯಾವ ಬುವಾನ ಹತ್ತಿರ ಕಲಿಯುತ್ತಿದ್ದರು ಎಂಬುದು ಅವರ ನೆನಪಿನಲ್ಲಿ ಇನ್ನೂ ಇದೆ. ಹರಾಜು ಮನೆಗಳೂ ಇವೆ. ಅಲ್ಲಿ ಕೂಗಿನ ಬೆಲೆಯ ಮೇಲೆ ಹರಾಜು ಮನೆಯ ಕಮಿಷನ್, ಜಿಎಸ್‌ಟಿ ಸೇರುತ್ತದೆ. ಅದನ್ನು ಲೆಕ್ಕ ಹಾಕಿಯೇ ಕೈ ಎತ್ತಿ.

ನಾಲ್ಕನೇ ಹೆಜ್ಜೆ: ಮನೆಯವರ ಹತ್ತಿರ ಹೋಗುವಾಗ

ಈ ಹೆಜ್ಜೆಯ ಬಗ್ಗೆ ನಾನು ಹೆಚ್ಚು ಬರೆಯುತ್ತೇನೆ, ಯಾಕೆಂದರೆ ಇಲ್ಲಿ ಆಗುವ ಅವಸರ ಮುಂದೆ ಯಾವುದರಿಂದಲೂ ಸರಿಹೋಗುವುದಿಲ್ಲ.

ಸದಾಶಿವ ಪೇಠೆಯಲ್ಲೋ ಡೊಂಬಿವಲಿಯಲ್ಲೋ ಒಬ್ಬ ಧಾರವಾಡ ಕಡೆಯ ಅಜ್ಜಿ ಇರುತ್ತಾರೆ. ಗಂಡ ಹಾಡುತ್ತಿದ್ದರು, ಈಗಿಲ್ಲ. ಟ್ರಂಕು ತೋರಿಸಿ, "ಅವೆಲ್ಲಾ ಹಳೀ ಕಾಗದ, ಬೇಕಾದ್ರ ತಗೊಂಡ್ ಹೋಗ್ರಿ" ಎನ್ನುತ್ತಾರೆ. ಆಗ ಎತ್ತಿಕೊಂಡು ಹೊರಡಬೇಡಿ. "ಕಾಕೂ, ಮೊದ್ಲ ನೀವ್ ಒಂದ್ಸಲ ನೋಡ್ರಿ. ಇಟ್ಕೊಳ್ಳೋದು ಇಟ್ಕೊಂಡು, ಆಮ್ಯಾಲ ಕೊಡ್ರಿ" ಎನ್ನಿ. ಜತೆಗೆ ಕೂತು ಒಂದೊಂದೇ ಹಾಳೆ ತೆಗೆದು ತೋರಿಸಿ. ಹೀಗೆ ನೋಡುವಾಗ ಅವರು ಆಡುವ ಮಾತೇ ಆ ಕಾಗದಗಳ ಅರ್ಧ ಬೆಲೆ. ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಕೇಳಬೇಕಾದ್ದು ಇಷ್ಟು. ಈ ಅಕ್ಷರ ಯಾರದ್ದು? ಅವರದ್ದೋ, ಬೇರೆ ಯಾರಾದರೂ ಬರೆದುಕೊಟ್ಟದ್ದೋ? ಬಹಳ ಗವಾಯಿಗಳು ತಾವು ಹೇಳಿ ಶಿಷ್ಯರಿಂದ ಪತ್ರ ಬರೆಸುತ್ತಿದ್ದರು, ಕೊನೆಗೆ ಸಹಿ ಮಾತ್ರ ಅವರದ್ದು. ಈ ಚೀಜ್ (ಬಂದಿಶ್) ಯಾರಿಂದ ಬಂತು? ಫೋಟೊದಲ್ಲಿ ತಂಬೂರಿ ಹಿಡಿದವರು ಯಾರು? ಯಾವ ಮನೆಯಿಂದ ಯಾವ ಮನೆಗೆ ಈ ಟ್ರಂಕು ಬಂತು? ಪುಣೆಯ ನದಿ ಪಕ್ಕದ ಪೇಠೆಗಳ ಮನೆಯಾದರೆ ಪಾನ್‌ಶೇತ್ ಬಗ್ಗೆ ಕೇಳಿ. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು ಮುಠಾ ನದಿ ಪೇಠೆಗಳಿಗೆ ನುಗ್ಗಿತ್ತು. ಆ ಮನೆಗಳ ಕಾಗದದಲ್ಲಿ ನೀರಿನ ಕಂದು ಗೆರೆ ಇದ್ದರೆ ಅದು ಕೊಳಕಲ್ಲ, ಸಾಕ್ಷಿ. ತೊಳೆಸಿ ತೆಗೆಸಲು ಹೋಗಬೇಡಿ.

ಬೆಲೆ ಹೇಳುವಾಗ ನಿಮಗೆ ಗೊತ್ತಿರುವುದನ್ನು ಮುಚ್ಚಿಡಬೇಡಿ. ಒಂದು ಪತ್ರಕ್ಕೆ ಹೊರಗೆ ಹೆಚ್ಚು ಬೆಲೆ ಬರುತ್ತದೆ ಎಂದು ಗೊತ್ತಿದ್ದರೆ ಹೇಳಿ. ಕೊಡದಿದ್ದರೂ ಪರವಾಗಿಲ್ಲ, ಸ್ಕ್ಯಾನ್ ಮಾಡಲು ಅನುಮತಿ ಕೇಳಿ, ವಸ್ತು ಅವರಲ್ಲೇ ಇರಲಿ. ಗಂಡನಿಲ್ಲದ ಮನೆಯಿಂದ ಸುಮ್ನೆ ಚೀಲ ತುಂಬಿಕೊಂಡು ಬಂದವರನ್ನು ನಾನು ಸಂಗ್ರಾಹಕರು ಎಂದು ಒಪ್ಪುವುದಿಲ್ಲ.

ತಂದರೆ ಒಂದು ಚೀಟಿ ಬರೆಸಿಕೊಳ್ಳಿ. 'ಇಂಥ ಊರಿನ ಇಂಥ ನಾನು, ನಮ್ಮ ಮನೆಯಲ್ಲಿದ್ದ ಇಷ್ಟು ವಹಿ, ಇಷ್ಟು ಪತ್ರಗಳನ್ನು ಇಂಥವರಿಗೆ ಇಷ್ಟು ರೂಪಾಯಿಗೆ ಕೊಟ್ಟಿದ್ದೇನೆ. ಇವು ಮೊದಲು ಇಂಥವರದ್ದಾಗಿದ್ದವು.' ದಿನಾಂಕ, ಸಹಿ. ಮನೆಯ ಬೇರೆ ಮಕ್ಕಳಿಗೂ ಒಂದು ಫೋನ್ ಮಾಡಿ ತಿಳಿಸಿ. ನಾಳೆ ಒಬ್ಬ ಮಗ ಬಂದು ನನ್ನನ್ನು ಕೇಳದೆ ಕೊಟ್ಟರು ಎನ್ನಬಾರದು.

ಐದನೇ ಹೆಜ್ಜೆ: ಕಾಲ ಹಿಡಿಯುವುದು, ನಕಲಿ ಪತ್ತೆ ಮಾಡುವುದು

ಸಹಿಯಿಂದ ಶುರು ಮಾಡಬೇಡಿ. ಸಹಿ ನಕಲು ಮಾಡುವುದು ಸುಲಭ. ಕಾಗದ, ಶಾಯಿ, ಅಂಚೆ ಗುರುತು ಮೂರನ್ನೂ ನಕಲು ಮಾಡುವುದು ಕಷ್ಟ.

ಭಾರತದಲ್ಲಿ ಪೋಸ್ಟ್‌ಕಾರ್ಡ್ ಬಂದದ್ದು 1879ರಲ್ಲಿ, ಕಾಲಾಣೆ ಬೆಲೆಗೆ. ನೀಲಿ ಇನ್‌ಲ್ಯಾಂಡ್ ಪತ್ರ 1950ರಿಂದ. ಏಪ್ರಿಲ್ 1957ರಿಂದ ಆಣೆ ಹೋಗಿ ನಯಾ ಪೈಸೆ ಬಂತು, 1964ರಲ್ಲಿ 'ನಯಾ' ಬಿಟ್ಟುಹೋಯಿತು. ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಅದಕ್ಕೂ ಮೊದಲು ಮುಂಬೈ 4, ಪುಣೆ 30 ಎಂದು ವಲಯ ಸಂಖ್ಯೆ ಬರೆಯುತ್ತಿದ್ದರು. ಗಿರಗಾಂವ್‌ನ ಇಂದಿನ 400004 ಎಂಬುದರ ಕೊನೆಯಲ್ಲಿರುವ 4 ಅದೇ. 1965ರ ತಾರೀಖಿನ ಪತ್ರದ ತಲೆಬರಹದಲ್ಲಿ ಆರಂಕಿಯ ಪಿನ್ ಇದ್ದರೆ ಅಲ್ಲಿಗೆ ಮಾತು ಮುಗಿಯಿತು. ಇಂಗ್ಲಿಷ್ ತಲೆಬರಹದಲ್ಲಿ 'ಮುಂಬೈ' ಎಂದಿದ್ದರೂ ಹಾಗೇ ಅನುಮಾನಿಸಿ, ಅಧಿಕೃತ ಬದಲಾವಣೆ 1995ರದ್ದು. ಮರಾಠಿ, ಗುಜರಾತಿ ಬರಹಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಅವರು ಮೊದಲಿನಿಂದಲೂ ಮುಂಬೈ ಎಂದೇ ಬರೆಯುತ್ತಿದ್ದರು.

ಬಾಲ್‌ಪೆನ್ ಅಮೆರಿಕದ ಅಂಗಡಿಗೇ ಬಂದದ್ದು 1945ರಲ್ಲಿ. ನಮ್ಮ ಜನರ ಕೈಗೆ ಬರಲು ಇನ್ನೂ ವರ್ಷಗಳು ಬೇಕಾದವು. 1937ರಲ್ಲಿ ತೀರಿಕೊಂಡ ಗಾಯಕ ಅಬ್ದುಲ್ ಕರೀಂ ಖಾನರ ಹೆಸರಿನ ಪತ್ರ ಬಾಲ್‌ಪೆನ್‌ನಲ್ಲಿ ಇರಲು ಸಾಧ್ಯವಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಬಾಲ್‌ಪೆನ್ ಕಾಗದವನ್ನು ಒತ್ತಿ ಸಣ್ಣ ಕಾಲುವೆ ಮಾಡಿರುತ್ತದೆ, ನಿಬ್ಬಿನ ಗೆರೆ ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳು ಇರುತ್ತದೆ. ನೋಟು ಪರೀಕ್ಷಿಸುವ ನೇರಳೆ (ಯುವಿ) ದೀಪ ಒಂದು ಇಟ್ಟುಕೊಳ್ಳಿ. ಬಿಳುಪು ಹೆಚ್ಚಿಸುವ ರಾಸಾಯನಿಕ ಕಾಗದಕ್ಕೆ ಸೇರಿಸಲು ಶುರುವಾದದ್ದು ಸುಮಾರು 1950ರ ಹೊತ್ತಿಗೆ. ಕತ್ತಲಲ್ಲಿ ಈ ದೀಪಕ್ಕೆ ಹಾಳೆ ನೀಲಿಯಾಗಿ ಹೊಳೆದರೆ ಅದು 1920ರ ಹಾಳೆ ಅಲ್ಲ. ಹೊಳೆಯದಿದ್ದರೆ ಅಸಲಿ ಎಂದೂ ಅಲ್ಲ. ಹಳೆಯ ವಹಿಯ ಖಾಲಿ ಹಾಳೆ ಹರಿದು ಅದರ ಮೇಲೆ ಬರೆಯುವವರೂ ಇದ್ದಾರೆ.

ಅಚ್ಚಾದ ಪುಸ್ತಕಕ್ಕೆ ಮುಖಪುಟದ ಹಿಂಬದಿ ಓದಿ. ಮರಾಠಿಯಲ್ಲಿ 'ಪಹಿಲೀ ಆವೃತ್ತಿ', 'ದುಸರೀ ಆವೃತ್ತಿ', ಪ್ರೆಸ್ಸಿನ ಹೆಸರು, ಶಕ ವರ್ಷ, ಎಷ್ಟೋ ಸಲ ಎಷ್ಟು ಪ್ರತಿ ಎಂಬುದೂ ಇರುತ್ತದೆ. ರಟ್ಟು ಹೊಸದಾಗಿ ಕಟ್ಟಿಸಿದ್ದರೆ ಒಳಗಿನ ಪುಟ ಎಣಿಸಿ. ಕೊನೆಯ ತಪ್ಪು–ಒಪ್ಪಿನ ಹಾಳೆ ಬಿದ್ದುಹೋಗಿರುವುದು ಸಾಮಾನ್ಯ.

ಗ್ರಂಥಾಲಯದ ಮೊಹರು ಕಂಡರೆ ನಿಲ್ಲಿ. ಅವರೇ ತೆಗೆದುಹಾಕಿದ ಗುರುತು ಇಲ್ಲದಿದ್ದರೆ ಆ ಸಂಸ್ಥೆಗೆ ಫೋನ್ ಮಾಡಿ ಕೇಳಿ. ಕದ್ದದ್ದಾದರೆ ಹಿಂದಿರುಗಿಸಿ.

ಆರನೇ ಹೆಜ್ಜೆ: ಬೆಲೆ

ಇದಕ್ಕೆ ಸಿದ್ಧ ಪಟ್ಟಿ ಇಲ್ಲ. ಬರೆದವರ ಹೆಸರಿಗಿಂತ ಬರೆದ ವಿಷಯಕ್ಕೆ ಬೆಲೆ ಕಟ್ಟಿ. 'ಕ್ಷೇಮ, ಅಲ್ಲಿಯ ಕ್ಷೇಮಕ್ಕೆ ಪತ್ರ ಬರೆಯಿರಿ' ಎಂಬ ದೊಡ್ಡ ಗಾಯಕರ ಕಾರ್ಡಿಗಿಂತ, ರಾಗದ ನಡೆಯ ಬಗ್ಗೆ ಹೆಸರಿಲ್ಲದ ಶಿಷ್ಯ ಬರೆದ ನಾಲ್ಕು ಪುಟ ನನಗೆ ಹೆಚ್ಚು. ಮಾರುಕಟ್ಟೆ ಇದಕ್ಕೆ ಉಲ್ಟಾ ನಡೆಯುತ್ತದೆ. ಅದರಿಂದಲೇ ಕಡಿಮೆ ದುಡ್ಡಿನವರಿಗೂ ಒಳ್ಳೆಯ ಸಂಗ್ರಹ ಕಟ್ಟಲು ಸಾಧ್ಯ. ವ್ಯಾಪಾರಿ 'ಸಹಿ ಇರುವ ಎರಡು ಬೇಕಾದರೆ ತಗೊಳ್ಳಿ, ಉಳಿದದ್ದು ಬೇಡದಿದ್ದರೆ ಬಿಡಿ' ಎಂದರೆ, ಉಳಿದದ್ದನ್ನೂ ಸೇರಿಸಿ ಬೆಲೆ ಕೇಳಿ. ಪೂರ್ತಿ ಗಂಟು ಕೊಳ್ಳಲು ಆಗದಿದ್ದರೆ ಇಬ್ಬರು ಗೆಳೆಯರು ಸೇರಿ ಕೊಳ್ಳಿ, ಇಲ್ಲವೇ ಸಂಸ್ಥೆಯೊಂದಕ್ಕೆ ಸುದ್ದಿ ಕೊಡಿ.

ಏಳನೇ ಹೆಜ್ಜೆ: ಕಾನೂನು

1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಐತಿಹಾಸಿಕ, ಸಾಹಿತ್ಯಿಕ, ವೈಜ್ಞಾನಿಕ ಅಥವಾ ಕಲಾತ್ಮಕ ಮೌಲ್ಯವಿರುವ ಹಸ್ತಪ್ರತಿ, ದಾಖಲೆಗಳು 75 ವರ್ಷ ದಾಟಿದರೆ ಪುರಾತನ ವಸ್ತು. ಬೇರೆ ವಸ್ತುಗಳಿಗೆ ಈ ಮಿತಿ 100 ವರ್ಷ. ಇವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮಗನ ಸೂಟ್‌ಕೇಸಿನಲ್ಲಿ ಅಜ್ಜನ ವಹಿ ಇಟ್ಟು ಕಳಿಸುವುದೂ ಅದೇ ತಪ್ಪು. ಅನುಮಾನವಿದ್ದರೆ ಪುರಾತತ್ವ ಇಲಾಖೆಯಿಂದ 'ಇದು ಪುರಾತನ ವಸ್ತುವಲ್ಲ' ಎಂಬ ಪ್ರಮಾಣಪತ್ರ ಪಡೆಯಿರಿ.

ಕಾಗದ ನಿಮ್ಮದಾದರೂ ಅದರೊಳಗಿನ ಬರಹದ ಹಕ್ಕು ನಿಮ್ಮದಲ್ಲ. ಪತ್ರದ ಕೃತಿಸ್ವಾಮ್ಯ ಬರೆದವರದ್ದು, ಅವರ ನಂತರ ವಾರಸುದಾರರದ್ದು. ನಮ್ಮಲ್ಲಿ ಅವಧಿ ಬರೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಭಾತಖಂಡೆಯವರು ತಮ್ಮ ಕಾಲದಲ್ಲೇ ಪ್ರಕಟಿಸಿದ ಪುಸ್ತಕಗಳದ್ದು, ಅವಧಿ ಇನ್ನೂ 50 ವರ್ಷ ಇದ್ದಾಗಲೇ, 1986ರ ಕೊನೆಗೆ ಮುಗಿದಿದೆ. ಆದರೆ ಬರೆದವರು ತೀರಿಕೊಂಡ ಮೇಲೆ ಮೊದಲ ಸಲ ಅಚ್ಚಾಗುವ ಪತ್ರಕ್ಕೆ ಎಣಿಕೆ ಪ್ರಕಟವಾದ ವರ್ಷದಿಂದ ಶುರು. ಪ್ರಕಟಿಸುವ ಮುನ್ನ ವಾರಸುದಾರರ ಒಪ್ಪಿಗೆ ಬರಹದಲ್ಲಿ ಪಡೆಯಿರಿ.

ಕಾನೂನಿಗೆ ಮೀರಿದ ಇನ್ನೊಂದು ಮಾತಿದೆ. ಗವಾಯಿಗಳ ಪತ್ರಗಳಲ್ಲಿ ಸಾಲ, ಕಾಯಿಲೆ, ಸಂಸಾರದ ಜಗಳ ಎಲ್ಲ ಇರುತ್ತದೆ. ಕೆಲವು ಘರಾಣೆಗಳ ಚೀಜ್‌ಗಳನ್ನು ಮನೆತನದ ಹೊರಗೆ ಕೊಡುತ್ತಿರಲಿಲ್ಲ. ಸಿಕ್ಕಿತು ಎಂದು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅವರ ಮೊಮ್ಮಕ್ಕಳು ಇದೇ ಊರಿನಲ್ಲಿ ಇದ್ದಾರೆ, ಅಲ್ವಾ?

ಎಂಟನೇ ಹೆಜ್ಜೆ: ಮನೆಗೆ ತಂದ ಮೇಲೆ

ಹೊಸ ಗಂಟನ್ನು ನೇರವಾಗಿ ಹಳೆಯದರ ಪಕ್ಕ ಇಡಬೇಡಿ. ಗೆದ್ದಲು, ಬೆಳ್ಳಿಮೀನಿನ ಹುಳು, ಅವುಗಳ ಮೊಟ್ಟೆ ಜತೆಗೆ ಬರುತ್ತವೆ. ಕಾಗದ ಒಣಗಿದ್ದರೆ ಪಾಲಿಥೀನ್ ಚೀಲದಲ್ಲಿ ಗಾಳಿ ಹೊರಗೆ ಹಾಕಿ ಮುಚ್ಚಿ, ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಕೂಡಲೇ ಬಿಚ್ಚಬೇಡಿ. ಚೀಲ ಪೂರ್ತಿ ಕೋಣೆಯ ಶಾಖಕ್ಕೆ ಬರಲಿ, ಇಲ್ಲದಿದ್ದರೆ ಒಳಗೆ ನೀರಾಡುತ್ತದೆ. ಒದ್ದೆ ಅಥವಾ ಬೂಷ್ಟು ಹಿಡಿದ ಕಾಗದವಾದರೆ ಬೇರೆ ಕೋಣೆಯಲ್ಲಿ ಫ್ಯಾನಿನ ಕೆಳಗೆ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕುವ ಅಭ್ಯಾಸ ನಮ್ಮಲ್ಲಿದೆ, ಕಾಗದಕ್ಕೆ ಅದು ಆಗುವುದಿಲ್ಲ.

ಕೈ ತೊಳೆದು ಒರೆಸಿಕೊಂಡು ಮುಟ್ಟಿ. ಹತ್ತಿಯ ಗ್ಲೌಸ್ ಹಾಕಿದರೆ ಬೆರಳಿಗೆ ಅಂದಾಜು ಸಿಗದೆ ಅಂಚು ಹರಿಯುತ್ತದೆ. ತುಕ್ಕು ಹಿಡಿದ ಗುಂಡುಸೂಜಿ, ಸ್ಟೇಪಲ್ ನಿಧಾನ ತೆಗೆಯಿರಿ. ಮೃದು ಬ್ರಷ್‌ನಿಂದ ನಡುವಿನಿಂದ ಹೊರಕ್ಕೆ ಧೂಳು ತೆಗೆಯಿರಿ. ಸೆಲ್ಲೊ ಟೇಪ್ ಬೇಡ, ಫೆವಿಕಾಲ್ ಬೇಡ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಲ್ಯಾಮಿನೇಟ್ ಮಾಡಿದ ಹಾಳೆಯನ್ನು ಮತ್ತೆ ಬಿಡಿಸುವುದು ಪರಿಣತರಿಗೂ ಕಷ್ಟ. ನೀರು ತಾಗಿಸಬೇಡಿ. ಹಳೆಯ ಕಪ್ಪು ಮಸಿ ಬೆಳಕಿಗೆ ಮಾಸುವುದಿಲ್ಲ, ನೀರಿಗೆ ಹರಡುತ್ತದೆ. ಕಂದಾಗಿ ತಿರುಗಿದ ಕಬ್ಬಿಣದ ಶಾಯಿ ತೇವ ಸಿಕ್ಕರೆ ಕಾಗದವನ್ನೇ ತಿನ್ನುತ್ತದೆ. ಕಾಪಿಯಿಂಗ್ ಪೆನ್ಸಿಲಿನ ಬರಹ ಒಂದು ಹನಿ ಬಿದ್ದರೂ ನೇರಳೆಯಾಗಿ ಹರಡುತ್ತದೆ.

ಹರಿದದ್ದನ್ನು ಜಪಾನಿ ತೆಳು ಕಾಗದ ಮತ್ತು ಗೋಧಿ ಗಂಜಿಯಿಂದ ಜೋಡಿಸುತ್ತಾರೆ. ಅದು ಕಲಿತವರ ಕೆಲಸ. ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಸಂರಕ್ಷಣಾ ಕೇಂದ್ರವಿದೆ, ಅಲ್ಲಿ ಸಲಹೆ ಕೇಳಿ.

ಇಡುವ ಜಾಗದ ವಿಷಯ. ಮಳೆಗಾಲದಲ್ಲಿ ಮುಂಬೈಯ ಗಾಳಿಯ ತೇವ ಶೇಕಡಾ 80 ದಾಟುವುದು ಸಾಮಾನ್ಯ. ಕಾಗದಕ್ಕೆ 45ರಿಂದ 55 ಒಳ್ಳೆಯದು, 65 ದಾಟಿ ಅಲ್ಲೇ ನಿಂತರೆ ಬೂಷ್ಟು ಬರುತ್ತದೆ. ತೇವ ಅಳೆಯುವ ಸಣ್ಣ ಮೀಟರ್ ಒಂದನ್ನು ಕಪಾಟಿನೊಳಗೆ ಇಡಿ. ಸ್ಟೀಲಿನ ಗೋದ್ರೆಜ್ ಕಪಾಟು ಸಾಕು, ಆದರೆ ಹೊರಗೋಡೆಗೆ ಒರಗಿಸಬೇಡಿ, ಜುಲೈನಲ್ಲಿ ಆ ಗೋಡೆ ಬೆವರುತ್ತದೆ. ಕೆಳಗಿನ ಖಾನೆ ಖಾಲಿ ಬಿಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ನೆಲಮಹಡಿಯ ಮನೆಗಳಲ್ಲಿ ಏನಾಯಿತು ಎಂಬುದು ಮುಂಬೈಯವರಿಗೆ ಹೇಳಬೇಕಾಗಿಲ್ಲ. ಸಿಲಿಕಾ ಜೆಲ್ ಇಟ್ಟರೆ ತಿಂಗಳಿಗೊಮ್ಮೆ ಬಿಸಿ ಮಾಡಿ ಮತ್ತೆ ಇಡಿ. ಡಾಂಬರು ಗುಳಿಗೆ ಬೇಡ. ಆಮ್ಲವಿಲ್ಲದ ಕಾಗದದ ಫೋಲ್ಡರ್, ಅದರ ಮೇಲೆ ತೊಳೆದ ಹತ್ತಿ ಬಟ್ಟೆ, ಇಷ್ಟು ಸಾಕು. ಅಂಗಡಿಯ ಅಗ್ಗದ ಪ್ಲಾಸ್ಟಿಕ್ ಫೋಲ್ಡರುಗಳು ಅಕ್ಷರವನ್ನು ಎಳೆದುಕೊಳ್ಳುತ್ತವೆ.

ಒಂಬತ್ತನೇ ಹೆಜ್ಜೆ: ಪಟ್ಟಿ ಮತ್ತು ಸ್ಕ್ಯಾನ್

ಗಂಟು ಬಂದ ಕ್ರಮದಲ್ಲೇ ಮೊದಲು ಫೋಟೊ ತೆಗೆಯಿರಿ. ತಾರೀಖಿನ ಪ್ರಕಾರ ಜೋಡಿಸುವ ಆಸೆ ಬರುತ್ತದೆ, ತಡೆಯಿರಿ. ಯಾವ ಪತ್ರ ಯಾವ ವಹಿಯ ಯಾವ ಪುಟದೊಳಗೆ ಇತ್ತು ಎಂಬುದು ಕೂಡ ಮಾಹಿತಿ. ಮೆತ್ತನೆಯ ಪೆನ್ಸಿಲಿನಿಂದ ಹಿಂಬದಿಯ ಮೂಲೆಯಲ್ಲಿ ಸಣ್ಣದಾಗಿ ಸಂಖ್ಯೆ ಹಾಕಿ. ಪಟ್ಟಿಯ ಒಂದು ನಮೂದು ಹೀಗಿರಲಿ: 'ಗಂಟು 3, ವಹಿ 2, ಹಾಳೆ 14ರ ಹಿಂಬದಿ. ಮರಾಠಿ, ಬಾಲಬೋಧ (ದೇವನಾಗರಿ) ಲಿಪಿ, ಅಂಚಿನಲ್ಲಿ ಕನ್ನಡ ಟಿಪ್ಪಣಿ. ನೀಲಿ ಶಾಯಿ, ನಿಬ್ಬು. ಭಾತಖಂಡೆ ಪದ್ಧತಿ. ರಾಗ ಪೂರಿಯಾ, ತೀನ್‌ತಾಲ್. ಅಕ್ಷರ ಯಜಮಾನರದ್ದೇ ಎಂದು ಮನೆಯವರ ಹೇಳಿಕೆ.' ಮನೆಯವರು ಹೇಳಿದ್ದು, ನೀವು ಊಹಿಸಿದ್ದು, ಕಾಗದದಲ್ಲೇ ಇರುವುದು, ಈ ಮೂರನ್ನು ಬೆರೆಸಬೇಡಿ.

ಕೈಬರಹವನ್ನು 600 ಡಿಪಿಐನಲ್ಲಿ, ಬಣ್ಣದಲ್ಲಿ, ಟಿಫ್ ಕಡತವಾಗಿ ಸ್ಕ್ಯಾನ್ ಮಾಡಿ. ಪಕ್ಕದಲ್ಲಿ ಸ್ಕೇಲು ಇರಲಿ. ಖಾಲಿ ಹಿಂಬದಿಯನ್ನೂ ಮಾಡಿ. ಕಾಗದದ ಕಂಪನಿಯ ಗುರುತು, ಅಂಚೆಯ ಮೊಹರು, ಅಂಗಡಿಯ ಲೆಕ್ಕ ಅಲ್ಲೇ ಇರುತ್ತದೆ. ಒಂದು ಪ್ರತಿ ನಿಮ್ಮಲ್ಲಿ, ಒಂದು ಬೇರೆ ಊರಿನಲ್ಲಿ, ಒಂದು ಕೊಟ್ಟ ಮನೆಯವರಿಗೆ.

ಆಮೇಲೆ ಹಾಡುವವರನ್ನು ಕರೆಯಿರಿ. ಬಂದಿಶ್‌ಗೆ ಕಾಗದ ಅರ್ಧ ಜಾಗ ಮಾತ್ರ. ಸ್ವರಲಿಪಿಯಲ್ಲಿ ಮೀಂಡ್‌ಗೆ (ಸ್ವರದಿಂದ ಸ್ವರಕ್ಕೆ ಜಾರುವುದಕ್ಕೆ) ಗುರುತು ಇದ್ದರೂ ಹೇಗೆ ಜಾರಬೇಕು ಎಂಬುದಿಲ್ಲ, ಆಂದೋಲನ (ಸ್ವರದ ತೂಗಾಟ) ಹೇಗೆ ಎಂಬುದಿಲ್ಲ, ಆ ಘರಾಣೆಯವರು ಅಕ್ಷರ ಹೇಗೆ ಬಿಡುತ್ತಿದ್ದರು ಎಂಬುದಿಲ್ಲ. ಅದೇ ಪರಂಪರೆಯ ಒಬ್ಬರ ಮುಂದೆ ವಹಿ ತೆರೆದಿಡಿ. ಅವರು ಹಾಡಿ ತೋರಿಸಿದ್ದನ್ನು ರೆಕಾರ್ಡ್ ಮಾಡಿ, ಆ ಕಡತಕ್ಕೂ ಅದೇ ಸಂಖ್ಯೆ ಕೊಡಿ.

ಕೊನೆಯ ಹೆಜ್ಜೆ: ನಿಮ್ಮ ನಂತರ

ಸಂಗ್ರಹ ಶುರು ಮಾಡಿದ ವರ್ಷವೇ ಇದನ್ನು ಬರೆದಿಡಿ. ಯಾವುದಕ್ಕೆ ಬೆಲೆ ಇದೆ, ಯಾವುದನ್ನು ಮಾರಬಾರದು, ಯಾರಿಗೆ ಫೋನ್ ಮಾಡಬೇಕು. ಪುಣೆಯಲ್ಲಿ 1917ರಲ್ಲಿ ಆರಂಭವಾದ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನಾ ಸಂಸ್ಥೆ ಇದೆ, ಭಾಸ್ಕರಬುವಾ ಬಖಲೆ 1911ರಲ್ಲಿ ಕಟ್ಟಿದ ಭಾರತ ಗಾಯನ ಸಮಾಜ ಇದೆ. ಮುಂಬೈಯಲ್ಲಿ ಏಷ್ಯಾಟಿಕ್ ಸೊಸೈಟಿ ಮತ್ತು ಎನ್‌ಸಿಪಿಎ (ರಾಷ್ಟ್ರೀಯ ಪ್ರದರ್ಶಕ ಕಲೆಗಳ ಕೇಂದ್ರ) ಇವೆ. ಸಂಸ್ಥೆಗೆ ಕೊಡುವ ಮುನ್ನ ಹೋಗಿ ನೋಡಿ. ಕಾಗದ ಎಲ್ಲಿ ಇಡುತ್ತಾರೆ, ಓದಲು ಬಂದವರಿಗೆ ಕೊಡುತ್ತಾರಾ, ಪಟ್ಟಿ ಮಾಡಲು ಜನ ಇದ್ದಾರಾ ಎಂದು ಕೇಳಿ. ಗಂಟುಗಳನ್ನು ಒಡೆಯದೆ, ಬಂದ ಮನೆಯ ಹೆಸರಿನಲ್ಲೇ ಇಡಬೇಕು ಎಂಬ ಷರತ್ತನ್ನು ದಾನಪತ್ರದಲ್ಲಿ ಸೇರಿಸಿ, ಎರಡೂ ಕಡೆಯವರು ಸಹಿ ಮಾಡಿ. ಅದರ ಒಂದು ಪ್ರತಿಯನ್ನು ಕಪಾಟಿನ ಬಾಗಿಲಿನ ಒಳಗಡೆ, ತೆರೆದ ಕೂಡಲೇ ಕಾಣುವ ಹಾಗೆ ಅಂಟಿಸಿ.